ಟೈಲರ್ ಅಕ್ಕನಿಗೆ, ಮತ್ತು ಮುಖ ನೋಡದ ಕೆಲವರಿಗೆ

ಕೊಡಗಿನ ಮಾದಾಪುರ, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಯ ಮನೆಗಳ ಮದುವೆ ಫೋಟೋಗಳಿದ್ದ, ಕೆಟ್ಟುಹೋದ ಸ್ಟುಡಿಯೋ ಹಾರ್ಡ್ ಡಿಸ್ಕಿನಿಂದ ಫೋಟೋ ಮರಳಿ ಎತ್ತುವ ಕೆಲಸ ಹೋದ ವಾರ ಮುಗಿಯಿತು. ಡಿಸ್ಕ್ ಹೇಗೆ ಕೆಟ್ಟಿತು, ಸ್ಟುಡಿಯೋದವರು ಅದನ್ನು ಎಲ್ಲೆಲ್ಲಿ ಹೊತ್ತು ತಿರುಗಿ ಕಡೆಗೆ ಸೋಮವಾರಪೇಟೆಯ ನನ್ನ ಮೇಜಿಗೆ ತಂದರು ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು, ಮತ್ತೆ ಬರೆಯುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮನೆಯ ಜೊತೆಗೆ ಆಲ್ಬಮ್ಮನ್ನೂ ಕಳಕೊಂಡವರ ಪಾಲಿಗೆ ಉಳಿದಿದ್ದ ಪ್ರತಿ ಅದೊಂದೇ. ಅದು ಉಳಿಯಿತು. ಯಾರಿಂದ ಉಳಿಯಿತು ಎಂದು ಹೇಳುವುದು ನನ್ನ ಮೇಲಿರುವ ಋಣ.

ಹಗಲಿಗೆ ನಾನು ತೋಟದ ರೈಟರ್. ಚೆಕ್‌ರೋಲ್ ಬರೆದು, ಕೂಲಿ ಲೆಕ್ಕ ಮುಗಿಸಿ ಬಂದು ಸಂಜೆ ಬಾಗಿಲು ತೆಗೆಯುವ ರಿಪೇರಿ ಅಂಗಡಿ ನನ್ನದು. ಇಂಥ ಅಂಗಡಿಗಳು ನಡೆಯುವುದೇ ಎಲ್ಲೋ ದೂರದಲ್ಲಿ ಕೂತು ತಂತ್ರಾಂಶ ಬರೆದು ಎಲ್ಲರಿಗೂ ಬಿಟ್ಟುಕೊಟ್ಟವರಿಂದ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಒಂದೇ ಪೆನ್‌ಡ್ರೈವಿನಿಂದ ಬೇಕಾದ ಆಪರೇಟಿಂಗ್ ಸಿಸ್ಟಮ್ಮಿನ ಐಎಸ್‌ಒ ಕಡತ ಬೂಟ್ ಮಾಡಿಸುವ ವೆಂಟಾಯ್, ಡಿಸ್ಕಿನ ಪೂರ್ತಿ ನಕಲು ತೆಗೆಯುವ ತೈವಾನಿನವರ ಕ್ಲೋನ್‌ಜಿಲ್ಲಾ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+: ಇವನ್ನು ಕಟ್ಟಿದ ಎಲ್ಲರಿಗೂ ಒಟ್ಟಿಗೆ ನಮಸ್ಕಾರ. ‘ಮನೆಬಳಕೆಗೆ ಮಾತ್ರ ಉಚಿತ’ ಎಂದು ಬರೆದಿರುವ ಟೂಲನ್ನು ದುಡ್ಡು ತಗೊಳ್ಳುವ ಕೆಲಸಕ್ಕೆ ಬಳಸುವುದು ತಪ್ಪು ಎಂದು ನಂಬಿದವನು ನಾನು. ಕ್ರ್ಯಾಕ್ ಮಾಡಿದ್ದನ್ನಂತೂ ಮೇಜಿನ ಹತ್ತಿರಕ್ಕೂ ಬಿಡುವುದಿಲ್ಲ. ಯಾರೂ ಯಾವ ಕೆಲಸಕ್ಕೂ ಬಳಸಬಹುದಾದ ಜಿಪಿಎಲ್ ಪರವಾನಗಿಯ ತಂತ್ರಾಂಶಗಳು ಇರುವುದರಿಂದಲೇ ಸಣ್ಣ ಅಂಗಡಿಯವನೂ ನೆಟ್ಟಗೆ ಬಿಲ್ ಬರೆಯಬಹುದು.

ಈ ಡಿಸ್ಕಿನ ಮಟ್ಟಿಗೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸಾಯುತ್ತಿರುವ ಡಿಸ್ಕಿನಿಂದ ಸುಮ್ಮನೆ ಕಾಪಿ ಮಾಡಲು ಹೋದರೆ ಕೆಟ್ಟ ಸೆಕ್ಟರ್ ಸಿಕ್ಕಲ್ಲೇ ಕೆಲಸ ನಿಂತುಬಿಡುತ್ತದೆ. ಇದು ಹಾಗಲ್ಲ. ಸಲೀಸಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ, ತಕರಾರಿನ ಜಾಗವನ್ನು ದಾಟಿ ಹೋಗುತ್ತದೆ, ಕಡೆಗೆ ಅಲ್ಲಿಗೆ ಮರಳುತ್ತದೆ. ಯಾವುದು ಬಂತು, ಯಾವುದು ಬಾಕಿ ಎಂಬ ಲೆಕ್ಕವನ್ನು ಮ್ಯಾಪ್‌ಫೈಲ್ ಎಂಬ ಸಣ್ಣ ಕಡತದಲ್ಲಿ ಇಡುತ್ತದೆ. ನಡುವೆ ಕರೆಂಟ್ ಹೋದರೂ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಸಾಕು, ಉಳಿದದ್ದನ್ನಷ್ಟೇ ಓದಲು ಹೊರಡುತ್ತದೆ. ಕಕ್ಕಡ ತಿಂಗಳ ಮಳೆಗೆ ಸಿಲ್ವರ್ ಓಕ್ ಮರ ಲೈನಿನ ಮೇಲೆ ಬಿದ್ದು ದಿನಗಟ್ಟಲೆ ಕತ್ತಲಲ್ಲಿ ಕೂರುವ ನಮಗೆ ಇದಕ್ಕಿಂತ ಒದಗುವ ಗುಣ ಯಾವುದಿದೆ? ಇದನ್ನು ಬರೆದ ಆಂಟೋನಿಯೋ ಡಿಯಾಜ್ ಡಿಯಾಜ್ ಅವರಿಗೆ ಕೊಡಗಿನ ಮಳೆಗಾಲ ಗೊತ್ತಿರಲಿಕ್ಕಿಲ್ಲ. ಆದರೂ ಅವರು ಬರೆದದ್ದು ನಮಗಾಗಿಯೇ ಎಂದು ನನಗೆ ಅನಿಸುತ್ತದೆ.

ಇನ್ನು ಅಕ್ಕ.

ನನ್ನ ಅಂಗಡಿಗೆ ಅಂಟಿಕೊಂಡ ಟೈಲರಿಂಗ್ ಅಂಗಡಿ ಅವರದು. ಆ ರಾತ್ರಿ ಊರಿಡೀ ಕರೆಂಟ್ ಇರಲಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತದೆ, ದೊಡ್ಡ ಡಿಸ್ಕಿಗೆ ಬೇರೆ ಕರೆಂಟ್ ಬೇಕು. ಡಿಸ್ಕಾದರೋ, ಓದುತ್ತಿರುವಾಗ ಏಕಾಏಕಿ ಕರೆಂಟ್ ತಪ್ಪಿ ನಿಂತರೆ ಮತ್ತೆ ತಿರುಗೀತೆಂಬ ಭರವಸೆ ಇಲ್ಲದ ಸ್ಥಿತಿಯಲ್ಲಿತ್ತು. ವಿಷಯ ಕಿವಿಗೆ ಬಿದ್ದದ್ದೇ ಅಕ್ಕ ತಮ್ಮನ ಮನೆಯಿಂದ ಸಣ್ಣ ಪೆಟ್ರೋಲ್ ಜನರೇಟರ್ ಆಟೋದಲ್ಲಿ ಹಾಕಿಸಿಕೊಂಡು ಬಂದರು. ಇಳಿಸಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಸ್ಟೂಲ್ ಎಳೆದು ಪರದೆಯ ಮುಂದೆ ಕೂತರು.

ಅವರಿಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಬ್ಲೌಸ್ ಕಟಿಂಗಿಗೆ ಇಟ್ಟಿದ್ದ ಕಂದು ಕಾಗದ ಹಾಸಿ, ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ ಎಡಕ್ಕೆ ಗಂಟೆ, ಬಲಕ್ಕೆ ಎಷ್ಟು ಬಂತು ಎಂಬ ಲೆಕ್ಕ ಬರೆಯುತ್ತಾ ಹೋದರು. ಬಲಗಡೆಯ ಅಂಕಿ ಏರದೇ ಹೋದರೆ ನನಗೆ ಹೇಳುವರು. ಜನರೇಟರಿನ ಪೆಟ್ರೋಲ್ ಮುಗಿಯುವ ಮುಂಚೆ ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ನಿಲ್ಲಿಸುವುದು, ತುಂಬಿಸಿದ ಮೇಲೆ ಮೇಲ್ಮುಖ ಬಾಣದ ಗುಂಡಿ ಒತ್ತಿ ಎಂಟರ್ ಕೊಡುವುದು, ಇಷ್ಟನ್ನು ಒಂದೇ ಸಲಕ್ಕೆ ಕಲಿತರು. ಡಿಸ್ಕನ್ನು ಅದರ ಸೀರಿಯಲ್ ನಂಬರ್ ಇರುವ ಹೆಸರಿನಿಂದ ಆಜ್ಞೆಯಲ್ಲಿ ಬರೆದಿಟ್ಟಿದ್ದೆ. ಹಾಗಾಗಿ ಡಿಸ್ಕ್ ಸಂಪರ್ಕ ತಪ್ಪಿ ಮತ್ತೆ ಸೇರಿಕೊಂಡಾಗ ಕಂಪ್ಯೂಟರ್ ಅದಕ್ಕೆ ಬೇರೆ ಅಕ್ಷರದ ಹೆಸರು ಕೊಟ್ಟರೂ ಅವರ ಕೈಯಲ್ಲಿ ಎಡವಟ್ಟಾಗುವ ಭಯ ಇರಲಿಲ್ಲ. ನಾನು ಕ್ಯಾನ್ ಹಿಡಿದು ಪೆಟ್ರೋಲಿಗೆ ಹೋದಾಗ ಡಿಸ್ಕನ್ನು ಕಾದವರು ಅವರೇ.

ಅವರ ಕಿವಿಯ ಬಗ್ಗೆ ಹೇಳದಿದ್ದರೆ ಈ ಬರಹ ಅರ್ಧವಾಗುತ್ತದೆ. ವರ್ಷಾನುಗಟ್ಟಲೆ ಹೊಲಿಗೆ ಮೆಷಿನ್ ತುಳಿದವರು. ಸೂಜಿ ಮುರಿಯುವ ಮುಂಚೆ ಸದ್ದು ಬದಲಾಗುತ್ತದಂತೆ. ಡಿಸ್ಕ್ ಬಿಸಿಯಾಗಿ ಟಕ್ ಟಕ್ ಶುರುಮಾಡುವ ಮುಂಚೆಯೇ ‘ಸ್ವರ ಬೇರೆ ಆಯ್ತು, ನಿಲ್ಸು’ ಎನ್ನುವರು. ನಿಲ್ಲಿಸಿ, ಅವರ ಟೇಬಲ್ ಫ್ಯಾನ್ ಕೆಳಗೆ ತಣಿಸಿ, ಮತ್ತೆ ಹಚ್ಚುತ್ತಿದ್ದೆವು. ಯಾವ ತಂತ್ರಾಂಶವೂ ನನಗೆ ಅಷ್ಟು ಬೇಗ ಹೇಳಿರಲಿಲ್ಲ.

ನಡುರಾತ್ರಿ ಕಳೆದ ಮೇಲೆ ಒಂದು ಹಂತದಲ್ಲಿ ಡಿಸ್ಕ್ ಕಾಣುವುದೇ ನಿಂತುಹೋಯಿತು. ನಾನು ಎದ್ದುಬಿಟ್ಟೆ. ಆ ಸ್ಟುಡಿಯೋದವರು ನನ್ನ ಅಣ್ಣನ ಮದುವೆಯನ್ನೂ ತೆಗೆದಿದ್ದರು. ಅಣ್ಣ ಈಗಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಕೈ ನಡುಗುತ್ತದೆಂದು ಹೇಳಿರಲಿಲ್ಲ. ಆಗ ಅಕ್ಕನ ಮುಂದೆ ಬಾಯಿಬಿಟ್ಟೆ, ಅತ್ತುಬಿಟ್ಟೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ‘ತಣ್ಣಗಾಗ್ಲಿ ಮಾರಾಯ. ಅಲ್ಲಿವರೆಗೆ ನೀನು ಒಂಚೂರು ಮಲ್ಕೊ, ನಾನಿದ್ದೀನಿ’ ಎಂದು ತಮ್ಮ ಶಾಲು ಕೊಟ್ಟರು. ನಾನು ಎಚ್ಚರಾಗುವಷ್ಟರಲ್ಲಿ ಬೆಳಕು ಹರಿದಿತ್ತು, ಡಿಸ್ಕ್ ತಿರುಗುತ್ತಿತ್ತು, ಕಾಗದದ ಮೇಲೆ ಹೊಸ ಸಾಲುಗಳು ತುಂಬಿದ್ದವು. ಮುಕ್ಕಾಲು ಪಾಲು ಬಂದಿತ್ತು.

ಅಕ್ಕ, ಆ ರಾತ್ರಿಗೆ ನಾನು ಏನನ್ನೂ ತೀರಿಸಲಾರೆ. ಆ ಜನರೇಟರಿನ ಪೆಟ್ರೋಲ್ ದುಡ್ಡನ್ನೂ ನೀವು ತಗೊಳ್ಳಲಿಲ್ಲ.

ಮುಂದಿನದು ತಾಳ್ಮೆಯ ಕೆಲಸ. ಡಿಸ್ಕಿನ ಕಡತ ವ್ಯವಸ್ಥೆ ಹಾಳಾಗಿದ್ದುದರಿಂದ ಕಳೆದ ಕಡತ ಹುಡುಕುವ ಟೆಸ್ಟ್‌ಡಿಸ್ಕ್ ಅರ್ಧ ಮಾತ್ರ ಕೊಟ್ಟಿತು, ಉಳಿದದ್ದನ್ನು ಫೋಟೋರೆಕ್ ಎತ್ತಿತು. ಎರಡನ್ನೂ ಬರೆದವರು ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೇ. ಫೋಟೋರೆಕ್ ಚಿತ್ರಗಳನ್ನು ಅವುಗಳ ಒಳಗಿನ ಗುರುತಿನಿಂದ ಹುಡುಕುತ್ತದೆ, ಹಾಗಾಗಿ ಹಳೆಯ ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ. ಎಫ್ ಅಕ್ಷರ, ಅದರ ನಂತರ ಉದ್ದನೆಯ ಸಂಖ್ಯೆ, ಅಷ್ಟೇ. ಯಾರ ಮದುವೆ ಯಾವುದೆಂದು ಹೇಗೆ ತಿಳಿಯುವುದು? ಫಿಲ್ ಹಾರ್ವೆ ಅವರ ಎಕ್ಸಿಫ್‌ಟೂಲ್ ಕ್ಯಾಮೆರಾ ಬರೆದಿಟ್ಟ ತಾರೀಕನ್ನು ಓದಿ ಚಿತ್ರಗಳನ್ನು ದಿನವಾರು ವಿಂಗಡಿಸಿತು, ಸ್ಟುಡಿಯೋದವರು ತಮ್ಮ ಹಳೆಯ ಬುಕಿಂಗ್ ಪುಸ್ತಕ ತಂದು ತಾರೀಕಿಗೆ ಮನೆ ಹೊಂದಿಸಿದರು.

ಬೇಗ ಬಿಟ್ಟುಕಳಿಸಿದ ತೋಟದ ಯಜಮಾನರಿಗೆ, ಮರ ಕಡಿದು ಲೈನ್ ಎಳೆದ ಲೈನ್‌ಮನ್‌ಗಳಿಗೆ, ಖಾಲಿ ಡಿಸ್ಕ್ ಕಡ ಕೊಟ್ಟ ಕುಶಾಲನಗರದ ಗೆಳೆಯನಿಗೆ, ಊಟ ಕಳಿಸಿದ ಅತ್ತಿಗೆಗೆ ಕೃತಜ್ಞತೆ. ಅತ್ತಿಗೆಗೆ ಅವರ ಮದುವೆಯ ಫೋಟೋ ತಲುಪಿಸಿದ್ದೇನೆ. ಈ ಕೆಲಸದಲ್ಲಿ ಬಂದ ದುಡ್ಡಿನ ಒಂದು ಪಾಲನ್ನು ಈ ತಂತ್ರಾಂಶ ಬರೆದವರಿಗೆ ಕಳಿಸುತ್ತಿದ್ದೇನೆ, ದೊಡ್ಡ ಮೊತ್ತವಲ್ಲ.

ಇನ್ನೂ ಕೆಲವು ಮನೆಯವರ ಪೆನ್‌ಡ್ರೈವ್ ನನ್ನಲ್ಲೇ ಉಳಿದಿವೆ. ಕೆಲವರು ಜಂಬೂರಿನಲ್ಲಿ ಸಂತ್ರಸ್ತರಿಗೆಂದು ಕಟ್ಟಿದ ಹೊಸ ಮನೆಗಳಿಗೆ ಹೋಗಿದ್ದಾರೆಂದು ಕೇಳಿದ್ದೇನೆ, ಕೆಲವರು ಜಿಲ್ಲೆಯನ್ನೇ ಬಿಟ್ಟಿದ್ದಾರೆ. ಗೊತ್ತಿದ್ದವರು ದಯವಿಟ್ಟು ಸುದ್ದಿ ಮುಟ್ಟಿಸಿ. ಹಣ ಕೊಡಬೇಕಾಗಿಲ್ಲ. ಹಗಲಲ್ಲಿ ಬಂದರೆ ನಾನು ತೋಟದಲ್ಲಿರುತ್ತೇನೆ. ಪಕ್ಕದ ಟೈಲರ್ ಅಂಗಡಿಯಲ್ಲಿ ಮನೆಯ ಹೆಸರು ಹೇಳಿ, ಅಕ್ಕ ಕೊಡುತ್ತಾರೆ.