ಮಾಣಿಯ ವೀಸಾ ವಿಷಯ

ಕರಾಮ, ದುಬೈ
ಭಾನುವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಅಣ್ಣಯ್ಯನಿಗೆ ತಂಗಿಯ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ, ಅತ್ತಿಗೆ ಬಿ.ಪಿ. ಮಾತ್ರೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾರಾ, ಎರಡಕ್ಕೂ ಉತ್ತರ ಬರೆ. ಚೌತಿಗೆ ಬರಬೇಕೆಂದು ಬಹಳ ಆಸೆ ಇತ್ತು, ರಜೆ ಸಿಗಲಿಲ್ಲ.

ಮೊನ್ನೆ ಕರೆ ಮಾಡುವ ಆ್ಯಪ್ ಬೋಟಿಮ್‌ನಲ್ಲಿ ನೀನು ನಿಮ್ಮ ಮಾಣಿಯನ್ನು ಕೆಲಸಕ್ಕೆ ಇಲ್ಲಿಗೆ ಕಳಿಸುವ ವಿಷಯ ಎತ್ತಿದಾಗ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಏಜೆಂಟ್ ಕಡೆಯವನು ನಿಮ್ಮ ಜಗಲಿಯಲ್ಲೇ ಕೂತಿದ್ದಾನೆಂದು ಅತ್ತಿಗೆ ಮೆಲ್ಲಗೆ ಹೇಳಿದರು. ಅವನ ಎದುರೇ ಬೇಡ ಅಂದರೆ ನಿನಗೂ ಇರಿಸುಮುರಿಸು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಮಾಣಿಯೂ ಓದಲಿ.

ವೀಸಾಕ್ಕೆ ಅಂತ ಅವನು ಕೇಳಿದ ಒಂದು ಲಕ್ಷ ನಲವತ್ತು ಸಾವಿರ ಕೊಡಬೇಡ. ಅಡ್ವಾನ್ಸ್ ಅಂತ ಹತ್ತು ಸಾವಿರವನ್ನೂ ಕೊಡಬೇಡ. ಪಾಸ್‌ಪೋರ್ಟ್ ಅವನ ಕೈಗೆ ಹೋಗಿದ್ದರೆ ನಾಳೆಯೇ ವಾಪಸು ತಾ.

ಅವನು ಹೇಳಿದ್ದೇನು? "ಎರಡು ತಿಂಗಳ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಇಳಿದ ಮೇಲೆ ಕಂಪನಿಯವರೇ ಕೆಲಸದ ವೀಸಾ ಮಾಡಿಸಿಕೊಡ್ತಾರೆ." ನಾನು ಟೈಪಿಂಗ್ ಸೆಂಟರ್‌ನಲ್ಲಿ ಕೂತು ದಿನವಿಡೀ ಮಾಡುವುದು ಇದೇ ವೀಸಾ ಅರ್ಜಿಗಳ ಕೆಲಸ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಜನ ಮೋಸ ಹೋಗುವುದೂ ಆ ಅರ್ಧಕ್ಕೇ. ವಿಸಿಟ್‌ನಲ್ಲಿ ಬಂದವರಿಗೆ ಕೆಲಸ ಸಿಕ್ಕರೆ, ದೇಶದ ಒಳಗಿದ್ದಂತೆಯೇ ವಿಸಿಟ್‌ನಿಂದ ಕೆಲಸದ ವೀಸಾಕ್ಕೆ ಸ್ಟೇಟಸ್ ಬದಲಾಯಿಸಲು ದಾರಿ ಇದೆ. ನಮ್ಮ ಬಿಲ್ಡಿಂಗ್‌ನಲ್ಲೇ ಹಾಗೆ ಬಂದವರು ಎಷ್ಟೋ ಜನ ಇದ್ದಾರೆ, ಸುಳ್ಳು ಯಾಕೆ ಹೇಳಲಿ? ಆದರೆ ಅವರಿಗೆ ಇಲ್ಲಿ ಅಕ್ಕನೋ ಭಾವನೋ ಇದ್ದರು, ಉಳಿಯಲು ಜಾಗ ಇತ್ತು, ಕೆಲಸ ಸಿಗದಿದ್ದರೆ ವಾಪಸು ಹೋಗಲು ಟಿಕೆಟ್ ಇತ್ತು. ಒಂದೂ ನಲವತ್ತರ ಸಾಲ ತಲೆಯ ಮೇಲೆ ಇರಲಿಲ್ಲ. ವಿಸಿಟ್ ವೀಸಾಕ್ಕೆ ಇಲ್ಲಿಯ ಟ್ರಾವೆಲ್ಸ್‌ನವರು ತೆಗೆದುಕೊಳ್ಳುವುದು ಕೆಲವು ನೂರು ದಿರ್ಹಮ್. ಉಳಿದ ದುಡ್ಡು ಯಾವುದಕ್ಕೆ ಅಂತ ಅವನನ್ನೇ ಕೇಳು.

ವಿಸಿಟ್ ವೀಸಾದಲ್ಲಿದ್ದು ಕೆಲಸ ಮಾಡುವುದು ಇಲ್ಲಿ ಅಪರಾಧ. ಕಳೆದ ವರ್ಷ ಕಾನೂನು ಬಿಗಿ ಮಾಡಿದ್ದಾರೆ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಂಡ ಮಾಲೀಕನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್‌ವರೆಗೆ ದಂಡ. ಆದರೂ "ವೀಸಾ ಬರುವ ತನಕ ಸುಮ್ಮನೆ ಯಾಕೆ ಕೂರ್ತೀಯ, ಸೈಟಿಗೆ ಬಾ" ಅನ್ನುವ ಸಣ್ಣ ಸಣ್ಣ ಕಂಟ್ರಾಕ್ಟರುಗಳಿಗೆ ಬರ ಇಲ್ಲ. ಎರಡು ತಿಂಗಳು ದುಡಿಸಿ, ವೀಸಾ ಮುಗಿದ ಮೇಲೆ ಫೋನ್ ಎತ್ತುವುದಿಲ್ಲ. ಆಮೇಲೆ ದಿನಕ್ಕೆ 50 ದಿರ್ಹಮ್ ಓವರ್‌ಸ್ಟೇ ದಂಡ ಏರುತ್ತಾ ಹೋಗುತ್ತದೆ. ಅಂಥವನು ಸಂಬಳ ಬಂದಿಲ್ಲ ಅಂತ ದೂರು ಕೊಡಲು ಹೋದರೆ ಮೊದಲು ಅವನ ವೀಸಾವನ್ನೇ ನೋಡುತ್ತಾರೆ. ನಮ್ಮ ಕೌಂಟರಿಗೆ ಬರುವ ಇಂಥ ಹುಡುಗರ ಮುಖ ನೋಡಲು ಆಗುವುದಿಲ್ಲ, ಅಣ್ಣಯ್ಯ. ಹೆಚ್ಚಿನವರಿಗೆ ಮಾಣಿಯಷ್ಟೇ ವಯಸ್ಸು.

ಮಾಣಿ ಯಾವುದೋ ವಿಡಿಯೋ ನೋಡಿ ಕೇಳಿದ್ದನಲ್ಲ, "ಕೆಲಸ ಹುಡುಕುವುದಕ್ಕೇ ಬೇರೆ ವೀಸಾ ಇದೆಯಂತೆ, ಅತ್ತೆ" ಅಂತ. ಇದೆ. 2022ರಲ್ಲಿ ತಂದರು. 60, 90 ಅಥವಾ 120 ದಿನಕ್ಕೆ ಕೊಡುತ್ತಾರೆ, ಇಲ್ಲಿ ಯಾರೂ ಜಾಮೀನು ನಿಲ್ಲಬೇಕಾಗಿಲ್ಲ. ಆದರೆ ಅದು ಡಿಗ್ರಿ ಆದವರಿಗೆ, ಮೇಲಿನ ದರ್ಜೆಯ ಹುದ್ದೆಗಳವರಿಗೆ. ಮಾಣಿಯಂಥ ಐಟಿಐ ಇಲೆಕ್ಟ್ರಿಷಿಯನ್‌ಗೆ ಅದು ಬರುವುದಿಲ್ಲ. ಗ್ರೀನ್ ವೀಸಾ ಅಂತ ಐದು ವರ್ಷದ್ದು ಇನ್ನೊಂದಿದೆ, ಅದಕ್ಕೆ ತಿಂಗಳಿಗೆ 15,000 ದಿರ್ಹಮ್ ಸಂಬಳ ಬೇಕು. ಗೋಲ್ಡನ್ ವೀಸಾದ ಮಾತು ಈಗ ಬೇಡ, ಅದು ಡಾಕ್ಟರು, ದೊಡ್ಡ ಇಂಜಿನಿಯರುಗಳ ಲೆಕ್ಕ.

ಹಾಗಾಗಿ ಅವನಿಗೆ ಇರುವುದು ಒಂದೇ ಸರಿಯಾದ ದಾರಿ. ಊರಿನಲ್ಲಿ ಇರುವಾಗಲೇ ಕಂಪನಿಯಿಂದ ಆಫರ್ ಲೆಟರ್ ಬರಬೇಕು, ಅವನು ಓದಿ ಸಹಿ ಹಾಕಬೇಕು, ಆಮೇಲೆ ಕಂಪನಿ ಎಂಪ್ಲಾಯ್‌ಮೆಂಟ್ ಎಂಟ್ರಿ ಪರ್ಮಿಟ್ ತೆಗೆಸಬೇಕು. ಆ ಪರ್ಮಿಟ್ ಹಿಡಿದು ಮಂಗಳೂರಿನಲ್ಲಿ ವಿಮಾನ ಹತ್ತಿದರೆ ಸಾಕು. ಇಲ್ಲಿ ಇಳಿದ ಮೇಲೆ ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಬೆರಳಚ್ಚು, ಎಮಿರೇಟ್ಸ್ ಐಡಿ. ಎರಡು ವರ್ಷದ ರೆಸಿಡೆನ್ಸಿ ಸಿಗುತ್ತದೆ. ಮೊದಲಿನ ಹಾಗೆ ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಅಂಟಿಸುವುದಿಲ್ಲ, ಐಡಿ ಕಾರ್ಡೇ ವೀಸಾ. ಇಷ್ಟಕ್ಕೂ ಆಗುವ ಖರ್ಚು ಕಂಪನಿಯದ್ದು. ಇಲ್ಲಿಯ ಕಾರ್ಮಿಕ ಕಾನೂನು, ಅಂದರೆ 2022ರ ಫೆಬ್ರವರಿಯಿಂದ ಜಾರಿಗೆ ಬಂದ ಹೊಸದು, ನೇಮಕದ ಖರ್ಚನ್ನು ನೇರವಾಗಿಯೂ ಸುತ್ತುಬಳಸಿಯೂ ಕೆಲಸದವನಿಂದ ವಸೂಲಿ ಮಾಡಬಾರದು ಅನ್ನುತ್ತದೆ. ಪಾಸ್‌ಪೋರ್ಟ್ ಕಿತ್ತು ಇಟ್ಟುಕೊಳ್ಳುವ ಹಾಗೂ ಇಲ್ಲ. "ವೀಸಾದ ದುಡ್ಡು ಸಂಬಳದಲ್ಲಿ ಹಿಡೀತೇವೆ" ಅಂತ ಯಾರಾದರೂ ಹೇಳಿದರೆ ಅದೂ ತಪ್ಪೇ.

ಆ ಆಫರ್ ಲೆಟರ್ ಓದುವುದು ಹೇಗೆ ಅಂತ ಮಾಣಿಗೆ ಹೇಳಿಕೊಡುತ್ತೇನೆ, ಇದನ್ನು ಅವನು ಎರಡು ಸಲ ಓದಲಿ. ಅದು ಅರಬಿ, ಇಂಗ್ಲಿಷ್, ಜೊತೆಗೆ ಕೆಲಸದವನಿಗೆ ಗೊತ್ತಿರುವ ಮೂರನೆಯ ಭಾಷೆಯಲ್ಲಿ ಬರುತ್ತದೆ. ಹಿಂದಿ ಇದೆ, ಮಲಯಾಳಂ ಇದೆ, ತಮಿಳು ಇದೆ, ನೇಪಾಳಿ, ಸಿಂಹಳವೂ ಇದೆ. ಕನ್ನಡ ಇಲ್ಲ. ಭಟ್ಕಳ, ಕುಂದಾಪುರ, ಮಂಗಳೂರಿನವರು ಇಲ್ಲಿ ಇಷ್ಟೊಂದು ಜನ ಇದ್ದೂ ನಾವು ಹಿಂದಿಯದ್ದನ್ನೇ ಓದಬೇಕು. ನನಗೆ ಅದೊಂದು ಹೊಟ್ಟೆಉರಿ, ಹೋಗಲಿ.

ಮೊದಲು ನೋಡಬೇಕಾದ್ದು ಹುದ್ದೆ. ಇಲೆಕ್ಟ್ರಿಷಿಯನ್ ಅಂತಿದೆಯಾ, ಹೆಲ್ಪರ್ ಅಂತಿದೆಯಾ? ಬಾಯಲ್ಲಿ ಇಲೆಕ್ಟ್ರಿಷಿಯನ್ ಅಂದು ಕಾಗದದಲ್ಲಿ ಹೆಲ್ಪರ್ ಬರೆಯುವುದು ಮಾಮೂಲು. ಅವನ ಐಟಿಐ ಸರ್ಟಿಫಿಕೇಟ್ ಸರ್ಕಾರಿ ಮುದ್ರೆ ಬಿದ್ದು ಅಟೆಸ್ಟ್ ಆಗಿದ್ದರೆ ವಾದಿಸಲು ಬಲ ಇರುತ್ತದೆ. ಅದಕ್ಕೆ ಈಗಲೇ ಓಡಾಡಲಿ. ಅಪೋಸ್ಟಿಲ್ ಅನ್ನುವ ಒಂದೇ ಮುದ್ರೆ ಹಾಕಿಸಿದರೆ ಆಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡ, ಈ ದೇಶಕ್ಕೆ ಅದು ನಡೆಯುವುದಿಲ್ಲ. ನಮ್ಮ ವಿದೇಶಾಂಗ ಇಲಾಖೆಯ ಮುದ್ರೆ ಆದ ಮೇಲೆ ದೆಹಲಿಯಲ್ಲಿ ಎಮಿರೇಟ್ಸ್ ಎಂಬಸಿಯ ಮುದ್ರೆಯೂ ಬೀಳಬೇಕು.

ಆಮೇಲೆ ಸಂಬಳದ ಸಾಲು. ಬೇಸಿಕ್ ಎಷ್ಟು, ಅಲೊವೆನ್ಸ್ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತದೆ. ಎಲ್ಲರೂ ಒಟ್ಟು ಮೊತ್ತ ನೋಡಿ ಸಹಿ ಹಾಕುತ್ತಾರೆ. ನಮ್ಮವರಿಗೆ ಇಲ್ಲಿ ಕನಿಷ್ಠ ವೇತನ ಅಂತ ಒಂದು ಅಂಕಿ ಇಲ್ಲ, ಕಾಗದದಲ್ಲಿ ಬರೆದದ್ದೇ ಗತಿ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ, ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್. ಒಟ್ಟು 1,500 ದಿರ್ಹಮ್ ಅಂತಿಟ್ಟುಕೋ. ಬೇಸಿಕ್ 800 ಹಾಕಿದ್ದರೆ ಎರಡು ವರ್ಷಕ್ಕೆ 1,120 ದಿರ್ಹಮ್ ಬರುತ್ತದೆ, ಬೇಸಿಕ್ 1,200 ಇದ್ದರೆ 1,680. ತಿಂಗಳ ಕೊನೆಗೆ ಕೈಗೆ ಬರುವ ದುಡ್ಡು ಎರಡರಲ್ಲೂ ಒಂದೇ ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ರೂಮು ಕಂಪನಿಯದ್ದಾ, ಊಟ ಯಾರದ್ದು, ಎರಡು ವರ್ಷಕ್ಕೆ ಟಿಕೆಟ್ ಕೊಡುತ್ತಾರಾ, ಇದೆಲ್ಲ ಅದರಲ್ಲೇ ಇರಬೇಕು. ಫೋನಿನಲ್ಲಿ ಒಪ್ಪಿಕೊಂಡದ್ದಕ್ಕೆ ಬೆಲೆ ಇಲ್ಲ. ಪ್ರೊಬೇಷನ್ ಆರು ತಿಂಗಳಿಗಿಂತ ಹೆಚ್ಚು ಬರೆದಿದ್ದರೆ ಅದು ಕಾನೂನಿಗೇ ವಿರುದ್ಧ.

ಎಂಟ್ರಿ ಪರ್ಮಿಟ್ ಬಂದರೆ ಪಿಡಿಎಫ್ ಮೊದಲು ನನಗೆ ಕಳಿಸಿ. ಅದರ ಮೇಲೆ ವೀಸಾದ ಬಗೆ ಬರೆದಿರುತ್ತದೆ, ಫೈಲ್ ನಂಬರ್ ಇರುತ್ತದೆ. ದುಬೈಯದ್ದು 201ರಿಂದ, ಶಾರ್ಜಾದ್ದು 301ರಿಂದ, ಅಬುಧಾಬಿಯದ್ದು 101ರಿಂದ ಶುರು. ಸರ್ಕಾರದ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಕೂಡಲೇ ಗೊತ್ತಾಗುತ್ತದೆ. ಫೋಟೋಶಾಪ್ ಮಾಡಿದ ಪರ್ಮಿಟ್‌ಗಳನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೆಸರು, ಫೋಟೋ ಎಲ್ಲ ಸರಿ, ಫೈಲ್ ನಂಬರ್ ಮಾತ್ರ ಬೇರೆ ಯಾರದ್ದೋ.

ಕೆಳಮನೆ ಹುಡುಗನೂ ಜೊತೆಗೆ ಹೊರಟಿದ್ದಾನೆ ಅಂದೆಯಲ್ಲ. ಅವನ ಲೆಕ್ಕ ಬೇರೆ. ಮಾಣಿ ಎಸ್ಸೆಸ್ಸೆಲ್ಸಿ ಪಾಸಾದ್ದರಿಂದ ಅವನ ಪಾಸ್‌ಪೋರ್ಟಿಗೆ ತೊಂದರೆ ಇಲ್ಲ. ಎಂಟಕ್ಕೇ ಶಾಲೆ ಬಿಟ್ಟ ಆ ಹುಡುಗನ ಪಾಸ್‌ಪೋರ್ಟ್ ಇಸಿಆರ್, ಅಂದರೆ ಹೊರಡುವ ಮೊದಲು ಸರ್ಕಾರದ ಒಪ್ಪಿಗೆ ಬೇಕಾದ ಬಗೆಯದ್ದು, ಆಗಿರುತ್ತದೆ. ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಅವನಿಗೆ ನಮ್ಮ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಇ-ಮೈಗ್ರೇಟ್ ಅನ್ನುವ ಸರ್ಕಾರಿ ವೆಬ್‌ಸೈಟ್ ಮೂಲಕ ಆಗಬೇಕು. ವಿಸಿಟ್ ವೀಸಾಕ್ಕೆ ಆ ಕ್ಲಿಯರೆನ್ಸ್ ಬೇಡ, ಏಜೆಂಟರು ಇಂಥವರನ್ನು ವಿಸಿಟ್‌ನಲ್ಲೇ ಕಳಿಸಲು ನೋಡುವುದು ಅದಕ್ಕೇ. ಏರ್‌ಪೋರ್ಟಿನಲ್ಲಿ ಅನುಮಾನ ಬಂದರೆ ವಾಪಸು ಕಳಿಸುತ್ತಾರೆ, ಟಿಕೆಟ್ ದುಡ್ಡು ಹೋಯಿತು. ಸರಿಯಾದ ದಾರಿಯಲ್ಲಿ ಹೋದರೆ ಅವನಿಗೆ 10 ಲಕ್ಷದ ವಿಮೆಯೂ ಸಿಗುತ್ತದೆ, ಎರಡು ವರ್ಷಕ್ಕೆ ಕಟ್ಟುವುದು ಬರೇ 275 ರೂಪಾಯಿ. ಅವನ ಅಮ್ಮನಿಗೆ ಇದನ್ನು ನೀನೇ ಹೋಗಿ ಹೇಳು, ಆ ಹೆಂಗಸು ಇದ್ದಬದ್ದ ಬಂಗಾರ ಅಡ ಇಡುವುದರ ಒಳಗೆ.

ಇನ್ನು ನಿಮ್ಮ ಜಗಲಿಯ ಅತಿಥಿ. ಅವನು ಏಜೆಂಟನೇ ಅಲ್ಲ, ಏಜೆಂಟನ ಏಜೆಂಟ. ವಿದೇಶಕ್ಕೆ ಜನ ಕಳಿಸುವವರಿಗೆ ವಿದೇಶಾಂಗ ಇಲಾಖೆಯ ಲೈಸೆನ್ಸ್ ಬೇಕು. ಯಾರ ಹೆಸರಿನಲ್ಲಿ ಇದೆ, ಯಾರದ್ದು ರದ್ದಾಗಿದೆ ಅನ್ನುವುದೆಲ್ಲ ಇ-ಮೈಗ್ರೇಟ್ ಸೈಟಿನಲ್ಲೇ ನೋಡಬಹುದು. ಲೈಸೆನ್ಸ್ ಇದ್ದವರು ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ಅದೂ ರಸೀದಿ ಕೊಟ್ಟು. "ಲೈಸೆನ್ಸ್ ನಂಬರ್ ಹೇಳಿ, ರಸೀದಿ ಕೊಡ್ತೀರಾ" ಅಂತ ಮಾಣಿ ಮರ್ಯಾದೆಯಿಂದಲೇ ಕೇಳಲಿ. ಮತ್ತೆ ಅವನು ಜಗಲಿ ಹತ್ತಲಿಕ್ಕಿಲ್ಲ.

ಅವನೇ ಥಾಯ್ಲೆಂಡಿನಲ್ಲಿ ಡಾಟಾ ಎಂಟ್ರಿ ಕೆಲಸ, ಹವಾನಿಯಂತ್ರಿತ ಆಫೀಸು ಅಂತಲೂ ಆಸೆ ತೋರಿಸಿದನಂತೆ. ಅದಂತೂ ಬೇಡವೇ ಬೇಡ. ಬ್ಯಾಂಕಾಕಿನಲ್ಲಿ ಇಳಿಸಿಕೊಂಡು ಗಡಿ ದಾಟಿಸಿ ಮ್ಯಾನ್ಮಾರ್‌ನ ಕಾಂಪೌಂಡುಗಳಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಮಾಡಿಸುತ್ತಾರೆ. ಈ ವರ್ಷ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನ ಹೋಗಿ ಐನೂರಕ್ಕೂ ಹೆಚ್ಚು ಜನರನ್ನು ಕರೆತಂದದ್ದು ಅಲ್ಲಿಂದಲೇ.

ದುಬೈ ಬಿಟ್ಟು ಬೇರೆ ಯಾವುದು ಅಂದರೆ, ಸೌದಿಗೆ ಹೋಗುವ ಇಲೆಕ್ಟ್ರಿಷಿಯನ್‌ಗೆ ಈಗ ನಮ್ಮ ದೇಶದಲ್ಲೇ ಕೌಶಲ್ಯ ಪರೀಕ್ಷೆ ಇದೆ. ಮಾಣಿ ಕೈಕೆಲಸದಲ್ಲಿ ಚುರುಕು, ಪಾಸಾಗುತ್ತಾನೆ. ಹೆಲ್ಪರ್ ಅಂತ ತಳ್ಳುವ ಆಟವೂ ಅಲ್ಲಿ ಕಡಿಮೆಯಾದೀತು. ಜರ್ಮನಿಯ ಆಪರ್ಚುನಿಟಿ ಕಾರ್ಡ್ ಬಗ್ಗೆಯೂ ಕೇಳಿದ್ದ. 2024ರ ಜೂನ್‌ನಲ್ಲಿ ಶುರುವಾದದ್ದು. ಎರಡು ವರ್ಷದ ತರಬೇತಿ ಆದವರೂ ಅರ್ಜಿ ಹಾಕಬಹುದು, ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಬಹುದು. ವಯಸ್ಸು, ಅನುಭವ, ಭಾಷೆ ಎಲ್ಲ ಸೇರಿ ಆರು ಪಾಯಿಂಟ್ ಆಗಬೇಕು. ಅದಕ್ಕಿಂತ ಕಷ್ಟದ್ದು ದುಡ್ಡು. ತಿಂಗಳಿಗೆ 1,091 ಯೂರೋದಂತೆ ಒಂದು ವರ್ಷದ್ದನ್ನು ತೋರಿಸಬೇಕು, ಅಂದರೆ ಹನ್ನೆರಡು ಲಕ್ಷಕ್ಕೂ ಮೇಲೆ. ತೋಟ ಮಾರಿ ಹೋಗುವಂಥದ್ದಲ್ಲ. ಅವನಿಗೆ ಆ ಕಡೆ ಮನಸ್ಸಿದ್ದರೆ ಎರಡು ವರ್ಷ ಇಲ್ಲಿ ದುಡಿಯುತ್ತಾ ಜರ್ಮನ್ ಕಲಿಯಲಿ, ಆಮೇಲೆ ನೋಡೋಣ.

ಇಲ್ಲಿಗೆ ಬಂದರೆ ಸುಖ ಅಂತ ನಾನು ಹೇಳುವುದಿಲ್ಲ. ಬಿಸಿಲಲ್ಲಿ ಹೊರಗಿನ ಕೆಲಸಕ್ಕೆ ಜೂನ್ 15ರಿಂದ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಡುವು, ನಾಳೆಗೆ ಅದೂ ಮುಗಿಯುತ್ತದೆ. ಸೆಪ್ಟೆಂಬರ್ ಅಂದರೆ ತಂಪು ಅಂತಲ್ಲ, ನಮ್ಮ ಎಪ್ರಿಲಿಗಿಂತ ಜೋರು. ಒಂದು ರೂಮಿನಲ್ಲಿ ಆರೆಂಟು ಜನ ಮಲಗಬೇಕು. ಆದರೆ ಕಾಗದಪತ್ರ ಸರಿ ಇದ್ದವನಿಗೆ ಸಂಬಳ ಬ್ಯಾಂಕಿನ ಮೂಲಕವೇ ಬರುತ್ತದೆ, ತಡವಾದರೆ ಇಲ್ಲಿಯ ಕಾರ್ಮಿಕ ಇಲಾಖೆಗೆ ತಾನಾಗಿ ಗೊತ್ತಾಗುತ್ತದೆ. ತಿಂಗಳಿಗೆ 5 ದಿರ್ಹಮ್ ಕಟ್ಟಿದರೆ ಕೆಲಸ ಹೋದಾಗ ಮೂರು ತಿಂಗಳವರೆಗೆ ಬೇಸಿಕ್‌ನ ನೂರಕ್ಕೆ ಅರವತ್ತು ಕೊಡುವ ವಿಮೆ ಇದೆ, ಆದರೆ ಒಂದು ವರ್ಷವಾದರೂ ಕಟ್ಟಿರಬೇಕು. ತೊಂದರೆಯಾದರೆ ನಮ್ಮ ಸರ್ಕಾರದ ಸಹಾಯ ಕೇಂದ್ರ ಇದೆ, 800 46342, ಹಗಲು ರಾತ್ರಿ ಎತ್ತುತ್ತಾರೆ.

ನಮ್ಮ ಸೆಂಟರಿಗೆ ಬರುವ ಎರಡು ಮೂರು ಎಲೆಕ್ಟ್ರೋಮೆಕ್ಯಾನಿಕಲ್ ಕಂಪನಿಗಳಲ್ಲಿ ಸರ್ಕಾರಿ ಕಾಗದಪತ್ರ ನೋಡಿಕೊಳ್ಳುವ ಪಿಆರ್‌ಓಗಳು ನನಗೆ ಪರಿಚಯ. ನವರಾತ್ರಿ ಕಳೆಯುವುದರೊಳಗೆ ಅವರನ್ನು ಕೇಳುತ್ತೇನೆ. ಖಾತ್ರಿ ಕೊಡುವುದಿಲ್ಲ, ಕೇಳುವುದಂತೂ ನಿಜ. ಮಾಣಿ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಐಟಿಐ ಅಂಕಪಟ್ಟಿ, ಉಡುಪಿಯಲ್ಲಿ ದುಡಿದ ಅಂಗಡಿಯ ಅನುಭವ ಪತ್ರ, ಬಿಳಿ ಹಿನ್ನೆಲೆಯ ಫೋಟೋ ಇಷ್ಟನ್ನು ಸ್ಕ್ಯಾನ್ ಮಾಡಿ ಕಳಿಸಲಿ. ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋ ಬೇಡ, ಪೇಟೆಗೆ ಹೋಗಿ ಸ್ಕ್ಯಾನ್ ಮಾಡಿಸಲಿ. ಪಾಸ್‌ಪೋರ್ಟಿನಲ್ಲಿ ಅವನ ಹೆಸರಿನ ಜೊತೆ ಸರ್‌ನೇಮ್ ಇದೆಯಾ ನೋಡಿ ಹೇಳು. ಒಂದೇ ಹೆಸರಿದ್ದರೆ ವಿಸಿಟ್ ವೀಸಾಕ್ಕೆ ಇಲ್ಲಿ ಬಿಡುವುದಿಲ್ಲ, ಎಂಪ್ಲಾಯ್‌ಮೆಂಟಿಗೆ ನಡೆಯುತ್ತದೆ. ಆದರೂ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಅಮ್ಮನಿಗೆ ನಮಸ್ಕಾರ ತಿಳಿಸು. ಅತ್ತಿಗೆ ಕೇಳಿದ ಮಿಕ್ಸಿ ಜಾರು ಮುಂದಿನ ತಿಂಗಳು ಬರುವವರ ಕೈಯಲ್ಲಿ ಕಳಿಸುತ್ತೇನೆ.

ಇಂತು ನಿನ್ನ ತಂಗಿ