ಅಪ್ಪಯ್ಯನಿಗೆ, ಬಿಲಾಕ್ಸಿಯಿಂದ

ಬಿಲಾಕ್ಸಿ, ಮಿಸಿಸಿಪ್ಪಿ
ಸೆಪ್ಟೆಂಬರ್ 14

ಪ್ರೀತಿಯ ಅಪ್ಪಯ್ಯನಿಗೆ ನಮಸ್ಕಾರ.

ನಾವಿಲ್ಲಿ ಕ್ಷೇಮ. ಇವರೂ ಪುಟ್ಟಿಯೂ ಚೆನ್ನಾಗಿದ್ದಾರೆ. ಅಮ್ಮನ ಕಾಗದ ಸೋಮವಾರ ಕೈಸೇರಿತು. ಶೀನ ಮಾವನ ಮನೆ ಒಕ್ಕಲು, ದನ ಕರು ಹಾಕಿದ್ದು, ಎಲ್ಲ ಪುಟಗಟ್ಟಲೆ ಬರೆದು ಕೊನೆಗೆ ನಿಮ್ಮ ಸುದ್ದಿ ನಾಲ್ಕೇ ಸಾಲು ಬರೆದಿದ್ದಾಳೆ. ದಕ್ಕೆಯಿಂದ ಬಲೆ ಹೊತ್ತು ಬರುವಾಗ ಎದೆ ಹಿಡಿದುಕೊಂಡು ಕೂತುಬಿಟ್ಟಿರಂತೆ. ಇಸಿಜಿ ಸರಿ ಇದ್ದರೂ ಡಾಕ್ಟರು ಆಂಜಿಯೋಗ್ರಾಮ್ ಮಾಡಿಸಲೇಬೇಕು ಅಂದರಂತೆ. ಮಣಿಪಾಲಕ್ಕೆ ಹೊರಡಬೇಕಾದ ದಿನ ನೀವು ಬೆಳಗಿನ ಜಾವ ಎದ್ದು ಬೋಟಿನ ಕಡೆ ಹೋದಿರಂತೆ. ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಮೊದಲು ಅಮ್ಮನ ಹೆದರಿಕೆಗೆ ಉತ್ತರ ಹೇಳಿಬಿಡುತ್ತೇನೆ. ಟಿವಿಯಲ್ಲಿ ಅಮೆರಿಕದ ಚಂಡಮಾರುತ ಅಂತ ತೋರಿಸಿದ್ದೆಲ್ಲ ನಮ್ಮ ಮನೆ ಮೇಲೆ ಬರುವುದಿಲ್ಲ. ಇಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಅದರ ಕಾಲ. ಊರಲ್ಲಿ ಬೋಟು ದಡಕ್ಕೆ ಕಟ್ಟುವ ದಿನವೇ ಇಲ್ಲಿಯವರು ಎಚ್ಚರವಾಗುವ ದಿನ. ಕಾರಿನಲ್ಲಿ ಪೆಟ್ರೋಲ್ ತುಂಬಿಸಿ ಇಟ್ಟಿದ್ದೇವೆ. ಪಾಸ್‌ಪೋರ್ಟು, ಔಷಧಿ, ಅವಲಕ್ಕಿ ಎಲ್ಲ ಒಂದು ಚೀಲದಲ್ಲಿದೆ. ಹೊರಡಿ ಅಂದರೆ ಅರ್ಧ ಗಂಟೆಯಲ್ಲಿ ಹೊರಡುತ್ತೇವೆ. ಏನೂ ಭಯವಿಲ್ಲ.

ಇದು ಸಮುದ್ರದ ಊರೇ, ಅಪ್ಪಯ್ಯ. ಸಿಗಡಿ ಬೋಟುಗಳಿಗೆ ವರ್ಷಕ್ಕೊಮ್ಮೆ ಪಾದ್ರಿ ಬಂದು ತೀರ್ಥ ಚಿಮುಕಿಸುತ್ತಾರೆ. ಬೋಟಿಗೆಲ್ಲ ಬಾವುಟ ಕಟ್ಟಿರುತ್ತಾರೆ. ಮೊದಲ ಸಲ ನೋಡಿದಾಗ ನೂಲ ಹುಣ್ಣಿಮೆಯ ಸಮುದ್ರ ಪೂಜೆ ನೆನಪಾಗಿ ಕಣ್ಣು ತುಂಬಿತು. 1848ರ ದೀಪಸ್ತಂಭವೊಂದು ಹೆದ್ದಾರಿಯ ನಟ್ಟನಡುವೆ ನಿಂತಿದೆ. ಆಚೆ ಈಚೆ ಕಾರು ಹೋಗುತ್ತವೆ. 1969ರ ಕಮೀಲ್, 2005ರ ಕತ್ರಿನಾ ಎರಡು ಚಂಡಮಾರುತಕ್ಕೂ ಅದು ಬೀಳಲಿಲ್ಲ.

ನಿಮಗೆ ಹೇಳಲೇಬೇಕಾದದ್ದು ಪಕ್ಕದ ಮನೆಯವರ ವಿಷಯ. ಅವರನ್ನು ನಾನು ಅಜ್ಜ ಅಂತಲೇ ಕರೆಯುತ್ತೇನೆ. ಅರ್ಥ ಹೇಳಿದ ಮೇಲೆ ಅವರಿಗೂ ಅದೇ ಇಷ್ಟ. ಅವರು ವಾಯುಪಡೆಯಲ್ಲಿದ್ದವರು. ಯುದ್ಧ ವಿಮಾನ ಅಲ್ಲ. ಚಂಡಮಾರುತದ ಒಳಗೆ ಹಾರಿ ಹೋಗಿ ಅದರ ಬಲ ಅಳೆದು ಬರುವ ವಿಮಾನ. ಇಲ್ಲಿಯ ಕೀಸ್ಲರ್ ವಾಯುನೆಲೆಯಲ್ಲಿ ಈಗಲೂ ಅಂಥವು ಹತ್ತು ಇವೆ. ನಾಲ್ಕು ಪಂಖದ ದೊಡ್ಡ ವಿಮಾನಗಳು. ಅದರಲ್ಲಿ ಹೋಗುವವರನ್ನು ಜನ ಹರಿಕೇನ್ ಹಂಟರ್ಸ್, ಅಂದರೆ ಚಂಡಮಾರುತದ ಬೇಟೆಗಾರರು ಅಂತ ಕರೆಯುತ್ತಾರೆ. ಸದ್ದು ಕೇಳಿದರೆ ಅಜ್ಜ ಕಾಫಿ ಲೋಟ ಹಿಡಿದುಕೊಂಡೇ ಅಂಗಳಕ್ಕೆ ಬರುತ್ತಾರೆ.

ಶನಿವಾರ ಅವರ ಹಳೆಯ ಜೊತೆಗಾರರು ಮೂರ್ನಾಲ್ಕು ಜನ ಜಗಲಿಯಲ್ಲಿ ಸೇರುತ್ತಾರೆ. ನಾನು ಚಕ್ಕುಲಿ ಕೊಟ್ಟು ಅಲ್ಲೇ ಕೂರುತ್ತೇನೆ. ಚಂಡಮಾರುತದ ಒಳಗೆ ಹಾರುವುದು ಶುರುವಾದದ್ದು ಒಂದು ಪಂಥದಿಂದಂತೆ. 1943ರ ಜುಲೈ 27ರಂದು ಟೆಕ್ಸಾಸ್ ಕರಾವಳಿಗೆ ಚಂಡಮಾರುತ ಬಂತು. ಡಕ್‌ವರ್ತ್ ಎಂಬ ಕರ್ನಲ್ ಬ್ರಿಟಿಷ್ ಪೈಲಟ್‌ಗಳಿಗೆ ಪಾಠ ಹೇಳುತ್ತಿದ್ದವರು. ನಿಮ್ಮ ವಿಮಾನ ಗಾಳಿಗೆ ಹೆದರುತ್ತದೆ ಅಂತ ಆ ಪೈಲಟ್‌ಗಳು ಛೇಡಿಸಿದರಂತೆ. ಡಕ್‌ವರ್ತ್ ಒಂದೇ ಎಂಜಿನ್ನಿನ ತರಬೇತಿ ವಿಮಾನ ತೆಗೆದುಕೊಂಡು ನೇರ ಚಂಡಮಾರುತದ ಕಣ್ಣಿಗೇ, ಅಂದರೆ ನಟ್ಟನಡುವಿನ ಶಾಂತ ಜಾಗಕ್ಕೇ ಹೋಗಿ ಬಂದರು. ವಾಪಸು ಬಂದಾಗ ಹವಾಮಾನ ಅಧಿಕಾರಿ ನನ್ನನ್ನೂ ಕರೆದುಕೊಂಡು ಹೋಗಿ ಅಂದರು. ಅವತ್ತೇ ಇನ್ನೊಮ್ಮೆ ಹೋದರು!

ಅಜ್ಜ ಎಪ್ಪತ್ತರ ದಶಕದಲ್ಲಿ ಪೆಸಿಫಿಕ್ ಸಮುದ್ರದ ಗುವಾಮ್ ದ್ವೀಪದಲ್ಲಿದ್ದರು. 54ನೇ ಸ್ಕ್ವಾಡ್ರನ್. ಅವರ ಕೆಲಸ ವಿಮಾನದಿಂದ ಒಂದು ಕೊಳವೆ ಬೀಳಿಸುವುದು. ಈಗಿನ ಕಾಲದ ಕೊಳವೆಯೊಂದನ್ನು ನೆನಪಿಗೆ ಇಟ್ಟುಕೊಂಡಿದ್ದಾರೆ. ನನ್ನ ಕೈಗೂ ಕೊಟ್ಟರು. ಮೊಳಕ್ಕಿಂತ ಸ್ವಲ್ಪ ಕಮ್ಮಿ ಉದ್ದ, ರಟ್ಟಿನ ಹಾಗೆ ಹಗುರ, ತಲೆಗೆ ಪುಟ್ಟ ಪ್ಯಾರಾಚೂಟು. ಡ್ರಾಪ್‌ಸಾಂಡ್ ಅಂತ ಅದರ ಹೆಸರು. ಸಮುದ್ರಕ್ಕೆ ಬೀಳುವವರೆಗೂ ದಾರಿಯುದ್ದಕ್ಕೂ ಗಾಳಿ ಎಷ್ಟು, ಒತ್ತಡ ಎಷ್ಟು, ತೇವ ಎಷ್ಟು ಅಂತ ವಿಮಾನಕ್ಕೆ ಹೇಳುತ್ತಾ ಹೋಗುತ್ತದೆ. ನೀರಿಗೆ ಬಿದ್ದರೆ ಮುಗಿಯಿತು, ಅದು ವಾಪಸು ಬರುವುದಿಲ್ಲ.

ಕಣ್ಣಿನ ಸುತ್ತಲಿನ ಮೋಡದ ಗೋಡೆ ದಾಟುವಾಗ ಊಟದ ಡಬ್ಬಿ ಹಾರಿ ಮಾಡಿಗೆ ಬಡಿಯುತ್ತಿತ್ತಂತೆ. ಮಳೆಯ ಸದ್ದಿಗೆ ಪಕ್ಕದವನ ಮಾತು ಕೇಳುತ್ತಿರಲಿಲ್ಲವಂತೆ. ಆಮೇಲೆ ಒಮ್ಮೆಲೇ ಎಲ್ಲ ನಿಂತುಹೋಗುತ್ತದೆ. ಮೇಲೆ ನೀಲಿ ಆಕಾಶ, ಸುತ್ತ ಬಿಳಿ ಗೋಡೆ, ಒಳಗೆ ಸಿಕ್ಕಿಕೊಂಡ ಹಕ್ಕಿಗಳು. ರಾತ್ರಿಯಾದರೆ ನಕ್ಷತ್ರ ಕಾಣುತ್ತಿತ್ತಂತೆ. ನೊರೆ ಯಾವ ಕಡೆ ಗೆರೆ ಎಳೆದಿದೆ ಅಂತ ನೋಡಿಯೇ ಅವರಲ್ಲಿ ಕೆಲವರು ಕೆಳಗಿನ ಗಾಳಿಯ ದಿಕ್ಕು ಹೇಳುತ್ತಿದ್ದರಂತೆ. ನನ್ನ ಅಪ್ಪಯ್ಯ ಬೋಟು ನಡೆಸುವ ತಂಡೇಲ, ಅವರೂ ನೀರು ನೋಡಿಯೇ ಗಾಳಿ ಹೇಳುತ್ತಾರೆ ಅಂದೆ. ಅಜ್ಜ ಎದ್ದು ನಿಂತು, ಅವರಿಗೆ ನನ್ನ ಸಲಾಮು ಹೇಳು ಅಂದರು. ಹೇಳಿದ್ದೇನೆ.

ಒಂದು ಹೆಸರು ಬಂದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ಸ್ವಾನ್ 38. 1974ರ ಅಕ್ಟೋಬರ್‌ನಲ್ಲಿ ಬೆಸ್ ಎಂಬ ಚಂಡಮಾರುತಕ್ಕೆ ಹೋದ ವಿಮಾನ. ಆರು ಜನ ಇದ್ದರು. ದಕ್ಷಿಣ ಚೀನಾ ಸಮುದ್ರದ ಮೇಲೆ ರೇಡಿಯೋ ಮಾತು ನಿಂತಿತು. ಒಂದು ಚೂರೂ ಸಿಗಲಿಲ್ಲ. ಅದರ ಬಗ್ಗೆ ಅಜ್ಜ ಹೇಳಿದ್ದು ಇಷ್ಟೇ. ನಾವು ಮಾರನೆ ವಾರ ಮತ್ತೆ ಹೋದೆವು, ಮಗಳೇ. ದಡದಲ್ಲಿ ಜನ ಇದ್ದರಲ್ಲ.

2005ರಲ್ಲಿ ಕತ್ರಿನಾ ಬಂದಾಗ ಈ ಕೀಸ್ಲರ್ ನೆಲೆಗೇ ನೀರು ನುಗ್ಗಿತು. ವಿಮಾನಗಳನ್ನು ಜಾರ್ಜಿಯಾಕ್ಕೆ ಒಯ್ದು ಅಲ್ಲಿಂದ ಹಾರಿಸಿದರು. ಹಾರಿಸಿದವರಲ್ಲಿ ಎಷ್ಟೋ ಜನರ ಸ್ವಂತ ಮನೆಯೇ ಹೋಗಿತ್ತು. ತೌಕ್ತೆ ಚಂಡಮಾರುತ ಬಂದ ರಾತ್ರಿ ನೀವು ಮನೆಯ ಹಂಚು ಹಾರುವುದನ್ನು ಬಿಟ್ಟು ಎಲ್ಲರ ಬೋಟಿನ ಹಗ್ಗ ಬಿಗಿಯಲು ಗಂಗೊಳ್ಳಿ ದಕ್ಕೆಗೆ ಓಡಿದ್ದು ನೆನಪಾಯಿತು.

ಈಗ ಉಪಗ್ರಹ ಇದೆಯಲ್ಲ, ಮೇಲಿನಿಂದಲೇ ಎಲ್ಲ ಕಾಣುತ್ತದಲ್ಲ, ಒಳಗೆ ಯಾಕೆ ಹೋಗಬೇಕು ಅಂತ ನಾನು ಕೇಳಿದ್ದೆ. ಅಜ್ಜ ತಲೆ ಆಡಿಸಿದರು. ಮೇಲಿನಿಂದ ಮೋಡ ಕಾಣುತ್ತದೆ. ನಡುವಿನ ಗಾಳಿಯ ಒತ್ತಡ ಕಮ್ಮಿಯಾದಷ್ಟೂ ಅದರ ಬಲ ಹೆಚ್ಚು. ಆ ಒತ್ತಡ ಎಷ್ಟು ಅಂತ ಖಚಿತ ಗೊತ್ತಾಗಬೇಕಾದರೆ ಒಳಗೇ ಕೊಳವೆ ಇಳಿಸಬೇಕು. ಸಾಮಾನ್ಯ ದಿನ ಸಮುದ್ರದ ಮೇಲೆ 1013 ಮಿಲಿಬಾರ್ ಇರುತ್ತದೆ. 1979ರ ಅಕ್ಟೋಬರ್ 12ರಂದು ಟಿಪ್ ಎಂಬ ಚಂಡಮಾರುತದ ಕಣ್ಣಿನಲ್ಲಿ 870 ಸಿಕ್ಕಿತು. ಯಾವ ಚಂಡಮಾರುತದಲ್ಲೂ ಇವತ್ತಿನವರೆಗೆ ಅದಕ್ಕಿಂತ ಕಮ್ಮಿ ಅಳೆದಿಲ್ಲ. ಒಳಗೆ ಹೋದದ್ದಕ್ಕೆ ಅದು ಗೊತ್ತಾಯಿತು. 1987ರಲ್ಲಿ ಗುವಾಮ್‌ನ ಆ ಸ್ಕ್ವಾಡ್ರನ್ ಮುಚ್ಚಿದರು. ಅಜ್ಜನಿಗೆ ಆ ಬೇಸರ ಇನ್ನೂ ಹೋಗಿಲ್ಲ.

ಅಪ್ಪಯ್ಯ, ಇಸಿಜಿ ಮೇಲಿನಿಂದ ನೋಡುವುದು. ಅದು ಸರಿ ಇದೆ ಅಂತ ನೀವು ಸಮಾಧಾನ ಮಾಡಿಕೊಳ್ಳಬೇಡಿ. ಆಂಜಿಯೋಗ್ರಾಮ್ ಅಂದರೆ ಮಣಿಕಟ್ಟಿನಿಂದಲೋ ತೊಡೆಯಿಂದಲೋ ತೆಳ್ಳಗಿನ ಕೊಳವೆ ಒಳಗೆ ಬಿಟ್ಟು ರಕ್ತ ಎಲ್ಲಿ ತಡೆದಿದೆ ಅಂತ ನೋಡುವುದು. ಎದೆ ಕೊಯ್ಯುವುದಿಲ್ಲ. ಎಚ್ಚರ ಇರುತ್ತೀರಿ. ಎಷ್ಟೋ ಜನ ಮಾರನೆ ದಿನವೇ ಮನೆಗೆ ಬರುತ್ತಾರೆ. ಅಷ್ಟೇ. ನಿಜವಾಗಿಯೂ ಅಷ್ಟೇ. ಅಪಾಯ ತೀರಾ ಕಮ್ಮಿ. ಒಳಗೆ ನೋಡಿದರೆ ತಾನೇ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುವುದು.

ದುಡ್ಡಿನ ಯೋಚನೆ ಬೇಡ. ತಮ್ಮನ ಖಾತೆಗೆ ಹಾಕಿದ್ದೇನೆ, ಸಾಲದಿದ್ದರೆ ಇನ್ನೂ ಇದೆ. ಸೊಸೈಟಿ ಸಾಲಕ್ಕೆ ಕೈ ಹಾಕಬೇಡಿ. ಬೋಟಿನ ಪಾಲು ಮಾರುವ ಮಾತೂ ಬೇಡ. ಈ 26ಕ್ಕೆ ಹೊಸ ದಿನ ಕೊಟ್ಟಿದ್ದಾರಂತೆ. ತಮ್ಮ ರಜೆ ಹಾಕಿದ್ದಾನೆ. ಅವತ್ತು ಬೆಳಿಗ್ಗೆ ದಕ್ಕೆ ಕಡೆ ಹೋಗಬೇಡಿ, ಅಪ್ಪಯ್ಯ, ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ. ಅಲ್ಲಿಯವರೆಗೆ ಬಲೆ ಹೊರಬೇಡಿ. ಬಂಗುಡೆ ಹುರಿದದ್ದು ಸ್ವಲ್ಪ ಕಮ್ಮಿ ಮಾಡಿ.

ಬ್ರಹ್ಮಾವರದ ಹುಡುಗ ನಾಳೆ ಊರಿಗೆ ಹೊರಟಿದ್ದಾನೆ, ಅವನ ಕೈಲಿ ಇದನ್ನು ಕೊಡುತ್ತಿದ್ದೇನೆ. ಅಮ್ಮನಿಗೆ ಮೊಣಕಾಲಿನ ಮುಲಾಮು ಇಟ್ಟಿದ್ದೇನೆ. ಪುಟ್ಟಿಯ ಬಸ್ಸು ಬಂತು, ಹೋಗಬೇಕು. 26ರ ರಾತ್ರಿ ಎಷ್ಟೇ ಹೊತ್ತಾದರೂ ಫೋನ್ ಮಾಡಿಸಿ, ನಾನು ಎದ್ದೇ ಇರುತ್ತೇನೆ.

ನಿಮ್ಮ ಮಗಳು