"ಕಾಣಿಸ್ತಾ ಇದೆಯಾ" ಅಂತ ಕೇಳಿದ್ರೆ ಸಾಕಾ?

ಮಾನ್ಯ ಸಂಪಾದಕರೇ,

ನಮ್ಮನೆ ಅಮೃತಹಳ್ಳಿಲಿ. ಟೆರೇಸ್ ಹತ್ತಿದ್ರೆ ಜಕ್ಕೂರು ಫ್ಲೈಯಿಂಗ್ ಸ್ಕೂಲಿಂದ ಎದ್ದ ಪುಟ್ಟ ವಿಮಾನ ಮಿಕ್ಸಿ ಥರ ಸದ್ದು ಮಾಡ್ಕೊಂಡು ಹೋಗೋದು ಕಾಣತ್ತೆ, ಅದಕ್ಕಿಂತ ಮೇಲೆ ದೇವನಹಳ್ಳಿಯ ದೊಡ್ಡ ವಿಮಾನಗಳು, ಯಲಹಂಕದ ಏರ್‌ಫೋರ್ಸ್‌ನವ್ರದ್ದು ಬೇರೆ. ಮೊನ್ನೆ ಪಕ್ಕದ್ಮನೆ ಅಂಕಲ್ "ಇವು ಗುದ್ಕೊಳಲ್ವೇನ್ರೀ?" ಅಂದ್ರು. "ಪೈಲಟ್‌ಗಳಿಗೆ ಕಣ್ಣಿಲ್ವಾ ಸಾರ್" ಅಂತ ನಾನು ನಕ್ಕೆ. ಆಮೇಲೆ ಕೂತು ಓದಿದ್ಮೇಲೆ ನಗು ನಿಂತೋಯ್ತು.

1978 ಸೆಪ್ಟೆಂಬರ್ 25, ಅಮೆರಿಕದ ಸ್ಯಾನ್ ಡಿಯಾಗೋ, ಬೆಳಗ್ಗೆ ಒಂಬತ್ತು ಗಂಟೆ, ಆಕಾಶ ಕ್ಲಿಯರ್. ಪಿಎಸ್‌ಎ ಕಂಪನಿಯ ಬೋಯಿಂಗ್ 727 ಇಳಿಯೋಕೆ ಬರ್ತಿತ್ತು, ಅದರ ಮುಂದೆ, ಕೆಳಗಡೆ ಸೆಸ್ನಾ 172 ಅನ್ನೋ ಒಂದು ಪುಟ್ಟ ವಿಮಾನ. ನೆಲದಿಂದ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್ ಸೆಸ್ನಾ ಬಗ್ಗೆ ಹೇಳಿದ್ರು, ಬೋಯಿಂಗ್ ಪೈಲಟ್‌ಗಳು "ಕಾಣಿಸ್ತು" ಅಂದ್ರು, ಅಲ್ಲಿಗೆ ದೂರ ಕಾಯ್ಕೊಳೋ ಜವಾಬ್ದಾರಿ ಪೂರ್ತಿ ಪೈಲಟ್ ಕಣ್ಣಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಸೆಸ್ನಾ ಕಣ್ತಪ್ಪಿತು, ಹಿಂದೆ ಹೋಗಿರ್ಬೇಕು ಅಂದ್ಕೊಂಡ್ರೇ ಹೊರತು "ಈಗ ಕಾಣ್ತಿಲ್ಲ" ಅಂತ ಬಿಡಿಸಿ ಹೇಳ್ಲಿಲ್ಲ, ಸೆಸ್ನಾದವ್ರೂ ಕೊಟ್ಟ ದಿಕ್ಕು ಬಿಟ್ಟು ತಿರುಗಿದ್ರು. ಡಿಕ್ಕಿಗೆ 19 ಸೆಕೆಂಡ್ ಮುಂಚೆ ರಾಡಾರ್ ರೂಮಲ್ಲಿ ಅಲಾರಂ ಹೊಡೀತು. ಬೋಯಿಂಗ್‌ನವ್ರು ಸೆಸ್ನಾನ ನೋಡಿದಾರಲ್ಲ ಅಂತ ಅವ್ರಿಗೆ ಯಾರೂ ತಿಳಿಸ್ಲಿಲ್ಲ. 144 ಜನ ಹೋದ್ರು, ಅದ್ರಲ್ಲಿ ಏಳು ಜನ ವಿಮಾನಾನೇ ಹತ್ತಿರ್ಲಿಲ್ಲ, ಕೆಳಗಡೆ ಇದ್ದವ್ರು.

ನಮ್ಗೆ ಟೆರೇಸಿಂದ ಆ ಪುಟ್ಟ ವಿಮಾನ ನೀಟಾಗಿ ಕಾಣತ್ತೆ ಯಾಕಂದ್ರೆ ಅದರ ಹಿಂದೆ ಬರೀ ಆಕಾಶ. ಮೇಲಿಂದ ನೋಡೋವ್ರಿಗೆ ಹಿಂದೆ ಇರೋದು ನಮ್ಮ ಸಿಂಟೆಕ್ಸ್ ಟ್ಯಾಂಕು, ಸೋಲಾರು, ಒಣಗಾಕಿರೋ ಬೆಡ್‌ಶೀಟು. ಅದ್ರಲ್ಲಿ ಒಂದು ಬಿಳಿ ಚುಕ್ಕೆ ಹುಡುಕ್ಬೇಕು. ಇನ್ನೊಂದು ವಿಷ್ಯ, ನೇರ ಗುದ್ದೋಕೆ ಬರ್ತಿರೋ ವಿಮಾನ ಗಾಜಲ್ಲಿ ಅತ್ತಿತ್ತ ಸರಿಯೋದೇ ಇಲ್ಲ, ಇದ್ದಲ್ಲೇ ಇದ್ದು ಕೊನೇಲಿ ದಿಢೀರಂತ ದೊಡ್ಡದಾಗತ್ತೆ. ಅಲ್ಲಾಡದೇ ಇರೋದು ಕಣ್ಣಿಗೆ ಬೀಳೋದು ಕಷ್ಟ.

ಅಂದಹಾಗೆ ಆ ಸೆಸ್ನಾ ಅಷ್ಟು ಬ್ಯುಸಿ ಏರ್‌ಪೋರ್ಟಲ್ಲಿ ಏನ್ ಮಾಡ್ತಿತ್ತು? ಇಳಿಯೋಕೆ ದಾರಿ ತೋರ್ಸೋ ಐಎಲ್‌ಎಸ್ ಉಪಕರಣ ಆ ಕೌಂಟೀಲಿ ಅದೊಂದೇ ಕಡೆ ಇತ್ತು, ಪ್ರಾಕ್ಟೀಸ್‌ಗೆ ಅಲ್ಲಿಗೇ ಬರ್ಬೇಕಿತ್ತು. ಆಮೇಲೆ ಚಿಕ್ಕ ಏರ್‌ಪೋರ್ಟಿಗೂ ಹಾಕಿದ್ರು. ಹಾಗಾಗಿ ಫ್ಲೈಯಿಂಗ್ ಸ್ಕೂಲ್ ಎತ್ತಂಗಡಿ ಮಾಡಿ ಅನ್ನೋರ ಜೊತೆ ನಾನಿಲ್ಲ, ಕಲಿಯೋರಿಗೆ ಕಲಿಯೋ ಜಾಗ ಸರಿಯಾಗಿ ಮಾಡ್ಕೊಡಿ ಅಷ್ಟೇ.

46 ವರ್ಷ ಆದ್ಮೇಲೂ ಅದೇ ಕತೆ. 2025 ಜನವರಿ 29ರ ರಾತ್ರಿ ವಾಷಿಂಗ್ಟನ್ನಲ್ಲಿ ಆರ್ಮಿ ಹೆಲಿಕಾಪ್ಟರಿಗೆ ವಿಮಾನ ಕಾಣಿಸ್ತಾ ಇದೆಯಾ ಅಂತ ಕೇಳಿದ್ರು, ಹೂಂ ಅಂದ್ರು, ಆಮೇಲೆ ಎರಡೂ ಗುದ್ಕೊಂಡು 67 ಜನ ಸತ್ರು. ಹೆಲಿಕಾಪ್ಟರ್ ಮತ್ತೆ ವಿಮಾನ ಎರಡನ್ನೂ ಅವತ್ತು ಒಬ್ರೇ ಕಂಟ್ರೋಲರ್ ನೋಡ್ಕೋತಿದ್ರು.

ನಮ್ಮಲ್ಲೂ 2022 ಜನವರಿ 7ರಂದು ದೇವನಹಳ್ಳೀಲಿ ಎರಡು ರನ್‌ವೇಯಿಂದ ಎರಡು ವಿಮಾನ ಒಟ್ಟಿಗೇ ಎದ್ದು ಹತ್ರ ಬಂದಿದ್ವು, ರಾಡಾರ್ ಕಂಟ್ರೋಲರ್ ನೋಡಿ ತಿರುಗ್ಸಿದ್ರಿಂದ ನಾನೂರಕ್ಕೂ ಹೆಚ್ಚು ಜನ ಉಳ್ಕೊಂಡ್ರು. ಅವ್ರಿಗೊಂದು ದೊಡ್ಡ ನಮಸ್ಕಾರ. ಅವು ದೊಡ್ಡ ವಿಮಾನಗಳೇ ಸರಿ, ಆದ್ರೆ ಅಲ್ಲೂ ಎಡವಟ್ಟಾಗಿದ್ದು ಒಬ್ರು ಇನ್ನೊಬ್ರಿಗೆ ವಿಷ್ಯ ಮುಟ್ಟಿಸದೇ ಇದ್ದಿದ್ರಿಂದ.

ವಾಷಿಂಗ್ಟನ್ ತನಿಖೆಯವ್ರು ಆಮೇಲೆ ಹಳೇ ಡೇಟಾ ತೆಗೆದ್ರೆ 2021 ಅಕ್ಟೋಬರಿಂದ 2024 ಡಿಸೆಂಬರ್‌ವರೆಗೆ ಅಲ್ಲಿ ವಿಮಾನ, ಹೆಲಿಕಾಪ್ಟರ್ ತೀರಾ ಹತ್ತಿರ ಬಂದಿದ್ದು 85 ಸಲ! ಲೆಕ್ಕ ಎಲ್ಲಾ ಅಲ್ಲೇ ಇತ್ತು, ಕೂಡಿಸಿ ನೋಡಿದ್ದು ಜನ ಸತ್ತ ಮೇಲೆ. ವಿಮಾನಯಾನದ ಮೇಲೆ ಕಣ್ಣಿಡೋ ಡಿಜಿಸಿಎ ಮತ್ತು ಏರ್‌ಪೋರ್ಟ್ಸ್ ಅಥಾರಿಟಿಯವ್ರಿಗೆ ನನ್ನ ಕೋರಿಕೆ ಇಷ್ಟೇ: ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ ಸೇರಿಸಿ ಬೆಂಗಳೂರು ಆಕಾಶದ್ದು ಅಂಥದ್ದೇ ಲೆಕ್ಕ ಪ್ರತಿ ವರ್ಷ ತೆಗೀರಿ, ಪೇಪರಲ್ಲಿ ಹಾಕ್ಸಿ.

ಇಂತಿ,
ಒಬ್ಬ ಓದುಗ, ಅಮೃತಹಳ್ಳಿ, ಬೆಂಗಳೂರು